ಮೊಲಕ್ಕೂ ಒಂದು ರಜಿಸ್ಟರ್ ಇತ್ತು



ಹೋದ ಸಭೆಗೆ ಒಬ್ಬ ಅಕ್ಕ ಬಂದಿದ್ದಳು. ಚಿತ್ತಾಪುರ ತಾಲೂಕಿನವಳು. ಸ್ಲ್ಯಾಬ್ ಹಾಕುವಲ್ಲಿ ಬುಟ್ಟಿ ಹೊರುವವಳು. ಕರಪತ್ರ ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡಳು. ಓದು ಬರುವುದಿಲ್ಲ ಎಂಬ ನಾಚಿಕೆ ಇರಬೇಕು ಅಂದುಕೊಂಡೆವು. ನಾಚಿಕೆ ಅಲ್ಲ. ಬೆರಳ ಸಂದಿ ಒಡೆದು ಒಳಗಿನ ಕೆಂಪು ಕಾಣುತ್ತಿತ್ತು. ಕಾಗದ ತಾಗಿದರೂ ಉರಿ.

"ಏನಾಯ್ತಕ್ಕಾ?" ಅಂದೆವು.

"ಸಿಮಿಟ್ ತಿಂದದ ತಮ್ಮಾ. ತಿನ್ನೋವಾಗ ಗೊತ್ತಾಗಲ್ಲ. ರಾತ್ರಿ ಮಲಗಿದಾಗ ಗೊತ್ತಾಗ್ತದ."

ಈ ಮಾತಿನ ಮೇಲೆ ಒಂದು ಪದ್ಯ ಬರೆದು ನಾವು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಬಿ.ಎ. ಓದಿದ ತಲೆ, ರಸಾಯನಶಾಸ್ತ್ರ ಹತ್ತುವುದು ಕಷ್ಟ. ಆದರೂ ಕೂತು ಓದಿದೆವು. ಓದಿದ ಮೇಲೆ ಸಿಟ್ಟು ಬಂತು. ಅಕ್ಕ ಹೇಳಿದ್ದು ಲೋಕಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. ಯಾವ ವಸ್ತು ತೊಗಲನ್ನು ಎಷ್ಟು ಹೊತ್ತಿನಲ್ಲಿ ಎಷ್ಟು ತಿನ್ನುತ್ತದೆ ಎಂಬುದನ್ನು ಅಳೆದು, ಅಂಕ ಕೊಟ್ಟು, ಬರೆದಿಡುವ ಶಾಸ್ತ್ರವೇ ಇದೆ. ಅದನ್ನು ಅಳೆದದ್ದು ಮೊಲದ ಮೇಲೆ.

1944ರಲ್ಲಿ ಅಮೆರಿಕ ಸರಕಾರದ ಆಹಾರ ಮತ್ತು ಔಷಧ ಇಲಾಖೆಯ ಜಾನ್ ಡ್ರೇಝ್ ಎಂಬ ವಿಜ್ಞಾನಿ ತನ್ನ ಜೊತೆಗಾರರ ಕೂಡ ಒಂದು ವಿಧಾನ ಪ್ರಕಟಿಸಿದ. ಮೊಲದ ಬೆನ್ನಿನ ಕೂದಲು ಬೋಳಿಸಬೇಕು. ವಸ್ತು ಹಚ್ಚಿ ಪಟ್ಟಿ ಕಟ್ಟಬೇಕು. ಬಿಚ್ಚಿ ನೋಡಬೇಕು. ಕೆಂಪಾದದ್ದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಬಾತದ್ದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. 1981ರಲ್ಲಿ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಇದನ್ನು ತಿದ್ದಿ ತನ್ನ 404ನೇ ಮಾರ್ಗಸೂಚಿ ಮಾಡಿಕೊಂಡಿತು. ಅರ್ಧ ಗ್ರಾಂ ವಸ್ತು, ನಾಲ್ಕು ತಾಸು. ಪಟ್ಟಿ ಬಿಚ್ಚಿದ ಮೇಲೆ 1, 24, 48, 72 ತಾಸಿಗೆ ನೋಡಿ ಬರೆಯಬೇಕು. ಗಾಯ ಮಾಯುತ್ತದೋ ಇಲ್ಲವೋ ಎಂದು 14 ದಿನದವರೆಗೆ ಕಾಯಬೇಕು. ಮಾಯ್ದರೆ ಆ ವಸ್ತು ತೊಗಲು ಕೆರಳಿಸುವಂಥದ್ದು. ಮಾಯದೆ ತೊಗಲಿನ ಒಳಪದರಕ್ಕೆ ಇಳಿದರೆ ತೊಗಲು ಕೊರೆಯುವಂಥದ್ದು.

ಈಗ ಲೆಕ್ಕ ಹಾಕಿ. ಮೊಲಕ್ಕೆ ನಾಲ್ಕು ತಾಸು, ಅಕ್ಕನಿಗೆ ಎಂಟು ತಾಸು. ಮೊಲಕ್ಕೆ ಅರ್ಧ ಗ್ರಾಂ, ಅಕ್ಕನಿಗೆ ಬುಟ್ಟಿಗಟ್ಟಲೆ. ಮೊಲವನ್ನು ಹದಿನಾಲ್ಕು ದಿನ ನೋಡಿದರು, ಅಕ್ಕನನ್ನು ಮರುದಿನ ಮುಂಜಾನೆ ನೋಡಿದವನು ಮುಕಾದಮ ಒಬ್ಬನೇ. ಅದೂ ಹಾಜರಿ ಹಾಕಲಿಕ್ಕೆ. ಮೊಲದ ಹೆಸರಿಗೆ ಒಂದು ನಂಬರ್ ಇತ್ತು, ಒಂದು ರಜಿಸ್ಟರ್ ಇತ್ತು. ನಮ್ಮಕ್ಕನ ಕೈ ಯಾವ ರಜಿಸ್ಟರಿನಲ್ಲಿದೆ?

ಮೊಲದ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅದು ಮೂಕಪ್ರಾಣಿ, ಅದಕ್ಕೆ ಬಿಡುಗಡೆ ಆಗುತ್ತಿರುವುದು ಒಳ್ಳೆಯದೇ. ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಮನುಷ್ಯರ ಚರ್ಮದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ತೆಳ್ಳನೆಯ ತೊಗಲು ಮಾಡಿ, ಅದರ ಮೇಲೆ ಪರೀಕ್ಷಿಸುವ ವಿಧಾನ ಬಂದಿದೆ. ಕೊರೆತದ ಪರೀಕ್ಷೆಗೆ 2004ರಲ್ಲಿ, ಕೆರಳಿಕೆಯ ಪರೀಕ್ಷೆಗೆ 2010ರಲ್ಲಿ ಒಇಸಿಡಿ ಇದನ್ನು ಒಪ್ಪಿಕೊಂಡಿತು. ನಮ್ಮ ದೇಶವೂ 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಪೇಟೆಯ ಹುಡುಗಿಯ ತುಟಿಬಣ್ಣಕ್ಕಾಗಿ ಮೊಲ ನೋಯಬಾರದು ಎಂಬ ಕರುಣೆ ಹುಟ್ಟಿತು. ಅದೇ ಪೇಟೆಯ ಬಂಗಲೆಗಾಗಿ ಅಕ್ಕನ ಕೈ ನೋಯಬಾರದು ಎಂಬ ಕರುಣೆ ಯಾವಾಗ ಹುಟ್ಟುತ್ತದೆ?

ಸಿಮೆಂಟ್ ಯಾಕೆ ತಿನ್ನುತ್ತದೆ? ಇದನ್ನು ಪುಸ್ತಕ ಬರುವ ಮೊದಲೇ ಬಲ್ಲವರು ನಮ್ಮ ಮಾದಿಗ ಅಜ್ಜಂದಿರು. ಹಸಿ ತೊಗಲನ್ನು ಸುಣ್ಣದ ಗುಂಡಿಗೆ ಹಾಕುತ್ತಿದ್ದರು. ಕೆಲವು ದಿನಕ್ಕೆ ಕೂದಲು ತಾನಾಗಿ ಬಿಡುತ್ತಿತ್ತು. ಆಮೇಲೆ ತಂಗಡಿ ಚಕ್ಕೆಯ ನೀರಿನಲ್ಲಿ ಹದ ಮಾಡುತ್ತಿದ್ದರು. ಎತ್ತಿನ ತೊಗಲಿನ ಕೂದಲು ಕೀಳುವ ಸುಣ್ಣ ಮನುಷ್ಯನ ತೊಗಲನ್ನು ಬಿಡುತ್ತದೆಯೇ? ಗುಂಡಿಗೆ ಇಳಿದ ಅಜ್ಜನ ಕಾಲು ನೋಡಿದವರಿಗೆ ಉತ್ತರ ಗೊತ್ತು. ಸಿಮೆಂಟ್ ಸುಣ್ಣದ ತಮ್ಮ. ಸುಣ್ಣದ ಕಲ್ಲನ್ನೇ ಸುಟ್ಟು ಮಾಡಿದ್ದು. ನೀರು ಬಿದ್ದ ಕೂಡಲೇ ಅದರಿಂದ ಸುಣ್ಣದ ಕ್ಷಾರ ಏಳುತ್ತದೆ.

ಈ ಕ್ಷಾರವನ್ನು ಅಳೆಯುವ ಮಾಪಕಕ್ಕೆ ಪಿಎಚ್ ಅನ್ನುತ್ತಾರೆ. ಶುದ್ಧ ನೀರು 7. ನಮ್ಮ ತೊಗಲಿನ ಮೇಲ್ಮೈ ಸುಮಾರು 5. ಹಸಿ ಸಿಮೆಂಟ್ 12ರಿಂದ 13. ಇದರಲ್ಲಿ ಒಂದು ಮೆಟ್ಟಿಲು ಏರಿದರೆ ಹತ್ತು ಪಟ್ಟು. 5ರಿಂದ 12ಕ್ಕೆ ಏಳು ಮೆಟ್ಟಿಲು, ಅಂದರೆ ಒಂದು ಕೋಟಿ ಪಟ್ಟು. ಆಸಿಡ್ ಬಿದ್ದರೆ ತಕ್ಷಣ ಚುರುಕ್ ಅನ್ನುತ್ತದೆ, ಮನುಷ್ಯ ಕೈ ಎಳೆದುಕೊಳ್ಳುತ್ತಾನೆ. ಕ್ಷಾರ ಹಾಗಲ್ಲ. ತೊಗಲಿನ ಜಿಡ್ಡನ್ನು ಸಾಬೂನು ಮಾಡಿ, ಮೆಲ್ಲಗೆ ಕರಗಿಸಿಕೊಂಡು ಒಳಗಿಳಿಯುತ್ತದೆ. ಮೊದಲ ಕೆಲವು ತಾಸು ನೋವೇ ತಿಳಿಯದೆ ಇರಬಹುದು. ಮೊಣಕಾಲೂರಿ ಕಾಂಕ್ರೀಟ್ ಸಮ ಮಾಡುವ ಗೌಂಡಿಗೆ, ಬೂಟಿನೊಳಗೆ ಮಾಲು ಹೊಕ್ಕ ಹುಡುಗನಿಗೆ ಸಂಜೆಯ ಮೇಲೆ ಗೊತ್ತಾಗುತ್ತದೆ. ಅಕ್ಕ ಹೇಳಿದ್ದು ಇದನ್ನೇ.

ಇನ್ನೊಂದು ಮಾತು ಕೇಳಿ. ಪಿಎಚ್ 11.5 ದಾಟಿದ ವಸ್ತುವನ್ನು ಸಾಮಾನ್ಯವಾಗಿ ಕೊರೆಯುವಂಥದ್ದು ಎಂದೇ ಎಣಿಸಿ, ಪ್ರಾಣಿಯ ಮೇಲೆ ಹಾಕಿ ನೋಡುವ ಗೊಡವೆಗೆ ಹೋಗಬಾರದು ಎಂಬುದು ಈ ಪರೀಕ್ಷೆಗಳ ವಾಡಿಕೆ. ಅಂದರೆ ಮೊಲದ ಬೆನ್ನಿಗೆ ಹಚ್ಚಲು ಹಿಂದೆ ಮುಂದೆ ನೋಡುವ ವಸ್ತುವಿನಲ್ಲಿ ನಮ್ಮ ಮಂದಿ ಬರಿಗೈ ಅದ್ದುತ್ತಿದ್ದಾರೆ.

ಕ್ಷಾರದ ಹಿಂದೆ ಇನ್ನೊಂದು ಕಳ್ಳನಿದ್ದಾನೆ. ಹೆಸರು ಕ್ರೋಮಿಯಂ. ಸಿಮೆಂಟಿನಲ್ಲಿ ಇದು ತೀರ ಅಲ್ಪ. ಆದರೆ ನೀರಿನಲ್ಲಿ ಕರಗುವ ಬಗೆಯ ಕ್ರೋಮಿಯಂ ತೊಗಲಿನೊಳಗೆ ಹೊಕ್ಕು ಮೈಗೆ ಅಲರ್ಜಿ ಕಲಿಸುತ್ತದೆ. ಒಮ್ಮೆ ಕಲಿತ ಮೈ ಸುಲಭಕ್ಕೆ ಮರೆಯುವುದಿಲ್ಲ. ಆಮೇಲೆ ಸ್ವಲ್ಪ ತಾಗಿದರೂ ಕೆರೆತ, ನೀರು ಸೋರುವುದು, ಬಿರುಕು. ಹತ್ತಾರು ವರ್ಷ ಕಸುಬು ಮಾಡಿದ ಗೌಂಡಿ ಕಸುಬನ್ನೇ ಬಿಡಬೇಕಾಗುತ್ತದೆ. ಇದಕ್ಕೆ ಮದ್ದು ಇಲ್ಲವೇ? ಇದೆ. ಸಿಮೆಂಟಿಗೆ ಅಲ್ಪ ಪ್ರಮಾಣದಲ್ಲಿ ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಉಪ್ಪು ಬೆರೆಸಿದರೆ ಆ ಕ್ರೋಮಿಯಂ ಕರಗದ ಬಗೆಗೆ ತಿರುಗುತ್ತದೆ. ಡೆನ್ಮಾರ್ಕ್ 1983ರಲ್ಲೇ ಇದನ್ನು ಕಾನೂನು ಮಾಡಿತು. ಯುರೋಪಿನ ಒಕ್ಕೂಟ 2005ರ ಜನವರಿಯಿಂದ ಹತ್ತು ಲಕ್ಷಕ್ಕೆ 2 ಪಾಲಿಗಿಂತ ಹೆಚ್ಚು ಇಂಥ ಕ್ರೋಮಿಯಂ ಇರುವ ಸಿಮೆಂಟಿನ ಮಾರಾಟವನ್ನು ತಡೆಯಿತು. ಅಲ್ಲಿಯ ಗೌಂಡಿಯ ಕೈಯೂ ಇಲ್ಲಿಯ ಗೌಂಡಿಯ ಕೈಯೂ ಒಂದೇ ತೊಗಲಿನವು.

ಮೊಲ ಸಾಲದೆ ಮನುಷ್ಯರನ್ನೇ ಹಿಡಿದ ಕತೆಯೂ ಇದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೋಮ್ಸ್‌ಬರ್ಗ್ ಎಂಬ ಜೈಲು. 1951ರಿಂದ 1974ರವರೆಗೆ ಆಲ್ಬರ್ಟ್ ಕ್ಲಿಗ್ಮನ್ ಎಂಬ ಚರ್ಮವೈದ್ಯ ಅಲ್ಲಿಯ ಕೈದಿಗಳ ಬೆನ್ನಿನ ಮೇಲೆ ಔಷಧ, ಸೌಂದರ್ಯವರ್ಧಕ, ಕಾರ್ಖಾನೆಯ ವಿಷಗಳನ್ನೂ ಹಚ್ಚಿ ನೋಡಿದ. ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ಚಿಲ್ಲರೆ ಕಾಸು ಕೊಟ್ಟರು, ಅದಕ್ಕೆ ಒಪ್ಪಿಗೆ ಎಂದು ಹೆಸರಿಟ್ಟರು. ಆ ವಿಶ್ವವಿದ್ಯಾಲಯದ ವೈದ್ಯಶಾಲೆ ಕ್ಷಮೆ ಕೇಳಿದ್ದು 2021ರಲ್ಲಿ, ಆ ನಗರ ಕ್ಷಮೆ ಕೇಳಿದ್ದು 2022ರಲ್ಲಿ. ಯಾಕೆ ಹೇಳುತ್ತಿದ್ದೇವೆ ಅಂದರೆ, ಅಗ್ಗದ ತೊಗಲು ಯಾರದು ಎಂಬುದನ್ನು ಅಲ್ಲಿ ಬಣ್ಣ ತೀರ್ಮಾನಿಸಿತು, ಇಲ್ಲಿ ಜಾತಿ ತೀರ್ಮಾನಿಸುತ್ತದೆ. ಕೂಲಿಗೆ ಬಂದವನು ಒಪ್ಪಿಯೇ ಬಂದಿದ್ದಾನೆ ಎನ್ನುವ ಗುತ್ತೇದಾರನ ಮಾತಿಗೂ ಆ ಜೈಲಿನ ಒಪ್ಪಿಗೆಗೂ ಏನು ಫರಕು?

ನಮ್ಮ ಸೀಮೆಗೆ ಬನ್ನಿ. ಶಹಾಬಾದಿನ ಸಿಮೆಂಟ್ ನಿಜಾಮರ ಕಾಲದ್ದು. ವಾಡಿಯ ಕಾರ್ಖಾನೆ 1968ರದು. ಆಮೇಲೆ ಮಳಖೇಡ, ಸೇಡಂ, ಚಿಂಚೋಳಿ. ಕಾಗಿಣಾ ನದಿಯ ಎರಡೂ ಬದಿಗೆ ಸುಣ್ಣದ ಕಲ್ಲು ಇದ್ದಲ್ಲೆಲ್ಲ ಚಿಮಣಿ ಎದ್ದವು. ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸುವವರು, ಚೀಲ ತುಂಬುವವರು, ವ್ಯಾಗನ್ನಿಗೆ ಹೊರುವ ಹಮಾಲರು, ಮಾಲು ಕಲಸುವವರು ಯಾರು? ಹೆಚ್ಚಿನವರು ನಮ್ಮ ಕೇರಿಯವರು, ತಾಂಡಾದವರು, ಬಡ ಮುಸಲ್ಮಾನರು. ಊರ ಬಾವಿ ಮುಟ್ಟಬಾರದ ಕೈ, ಗುಡಿಯ ಹೊಸ್ತಿಲು ಮುಟ್ಟಬಾರದ ಕೈ, ಸಿಮೆಂಟ್ ಮುಟ್ಟಲು ಮಾತ್ರ ಮಡಿಯಾಯಿತು. ಅದೇ ಸಿಮೆಂಟಿನಿಂದ ಗುಡಿಯ ಗೋಪುರ ಎದ್ದ ಮೇಲೆ ಕೈ ಮತ್ತೆ ಮೈಲಿಗೆ.

ಚೀಲದ ಮೇಲೆ 43 ಅಂತ, 53 ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಸಿಮೆಂಟಿನ ಬಲ. ಏಳು ಸೆಂಟಿಮೀಟರಿನ ಗಾರೆಯ ಗಟ್ಟಿ ಮಾಡಿ, ನೀರಿನಲ್ಲಿಟ್ಟು, 3ನೇ ದಿನ, 7ನೇ ದಿನ, 28ನೇ ದಿನ ಒತ್ತಿ ನೋಡಿ ಕೊಟ್ಟ ಅಂಕ. ಗೋಡೆ ಎಷ್ಟು ತಾಳುತ್ತದೆ ಎಂದು ಇಪ್ಪತ್ತೆಂಟು ದಿನ ಕಾದು ನೋಡುವವರಿದ್ದಾರೆ. ಗೋಡೆ ಕಟ್ಟುವ ಕೈ ಎಷ್ಟು ದಿನ ತಾಳುತ್ತದೆ ಎಂದು ನೋಡುವವರಿಲ್ಲ. ನಾವು ತಿರುವಿ ನೋಡಿದ ಚೀಲಗಳ ಮೇಲೆ ಕ್ರೋಮಿಯಂ ಎಷ್ಟು ಎಂಬ ಅಂಕಿ ಕಾಣಲಿಲ್ಲ.

ಕಾನೂನು ಇಲ್ಲವೆಂದಲ್ಲ. 1984ರ ಭೋಪಾಲದ ಸಾವುಗಳ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ, ಅಪಾಯದ ವಸ್ತುಗಳ ವಿವರವನ್ನು ಕಾರ್ಮಿಕರಿಗೆ ತಿಳಿಸಲೇಬೇಕು ಎಂದು ಬರೆದರು. ರಾಸಾಯನಿಕ ತಾಗಿ ಬರುವ ಚರ್ಮರೋಗವನ್ನು ಸರಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಆ ಕಾಯ್ದೆ ಸೇರಿಸಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಹೊಸ ಸಂಹಿತೆ ಬಂದಿದೆ. ಅದರಲ್ಲೂ ವರದಿ ಮಾಡಬೇಕಾದ ರೋಗಗಳ ಪಟ್ಟಿ ಇದೆ. ಪಟ್ಟಿ ದಿಲ್ಲಿಯಲ್ಲಿದೆ, ಗಾಯ ಇಲ್ಲಿದೆ. ನಡುವೆ ಬರೆಯುವ ಕೈ ಇಲ್ಲ.

ರಾಸಾಯನಿಕಕ್ಕೆ ಒಂದು ಸುರಕ್ಷತಾ ಹಾಳೆ ಇರುತ್ತದೆ. ಅದರಲ್ಲಿ 16 ಭಾಗ. 4ನೇ ಭಾಗ ಪ್ರಥಮ ಚಿಕಿತ್ಸೆ, 8ನೇ ಭಾಗ ಕೈಗವಸು ಮೊದಲಾದ ರಕ್ಷಣೆ, 11ನೇ ಭಾಗ ಮೈಗೆ ಆಗುವ ಕೇಡು. ಮಳಖೇಡ ಕವಿರಾಜಮಾರ್ಗದ ಕಾಲದ ರಾಜಧಾನಿ, ಕನ್ನಡದ ಹಿರಿಮೆ ಅಂತ ಭಾಷಣ ಮಾಡುವವರು ಆ ಹಾಳೆಯನ್ನು ಕನ್ನಡದಲ್ಲಿ ಗೇಟಿನ ಮುಂದೆ ಅಂಟಿಸಲಿ. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಲಿ. ಆಗ ಹಿರಿಮೆ ಒಪ್ಪುತ್ತೇವೆ.

ಸಿಮೆಂಟ್ ತಿಂದ ತೊಗಲಿಗೆ ಮೊದಲ ಮದ್ದು ನೀರು. ಒಣ ಪುಡಿಯಾದರೆ ಮೊದಲು ಕೊಡವಬೇಕು. ತೊಯ್ದ ಬಟ್ಟೆ, ಬೂಟು, ಕಾಲುಚೀಲ ತೆಗೆದು, ಹರಿಯುವ ನೀರಿನಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ತೊಳೆಯಬೇಕು. ಎಣ್ಣಿ, ಪೇಸ್ಟು, ಅರಿಶಿಣ ಮೆತ್ತಬೇಡಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ದವಾಖಾನೆಗೆ ಓಡಿ. ಇಷ್ಟು ಸರಳ. ಆದರೆ ಕೆಲಸದ ಜಾಗದಲ್ಲಿ ನೀರೆಲ್ಲಿದೆ? ಕ್ಯೂರಿಂಗಿಗೆ ಟ್ಯಾಂಕರ್ ಬರುತ್ತದೆ, ಕೈ ತೊಳೆಯಲು ಕಲಸಿದ ಡ್ರಮ್ಮಿನ ನೀರೇ ಗತಿ. ಆ ನೀರೇ ಕ್ಷಾರ. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿ ತೋರಿಸಿದರು. ಸುಮಾರು ನೂರು ವರ್ಷದ ನಂತರ ನಾವು ಒಂದು ನಲ್ಲಿ, ಒಂದು ಸಾಬೂನು ಕೇಳುತ್ತಿದ್ದೇವೆ. ಹೋರಾಟ ಅದೇ.

ಆದ್ದರಿಂದ ನಮ್ಮ ಬೇಡಿಕೆ ಇವು. ಪ್ರತಿ ಕೆಲಸದ ಜಾಗದಲ್ಲಿ ಒಳ್ಳೆ ನೀರು, ಸಾಬೂನು. ನೀರು ಹೀರದ ರಬ್ಬರಿನ ಕೈಗವಸು, ಬೂಟು, ಮೊಣಕಾಲಿನ ಪಟ್ಟಿ. ಹೆಂಗಸರ ಕೈಗೆ ಹೊಂದುವ ಅಳತೆಯವು, ಕೂಲಿಯಲ್ಲಿ ಹಿಡಿಯದಂತೆ. ಚೀಲದ ಮೇಲೆ ಕ್ರೋಮಿಯಂ ಅಂಕಿ, ಅದು 2 ಪಾಲು ಮೀರದ ಹಾಗೆ. ಗುತ್ತಿಗೆಯವರಿಗೂ ಡಾಕ್ಟರರಿಂದ ತೊಗಲಿನ ತಪಾಸಣೆ.

ಬೇಡಿಕೆ ಬರೆದು ಕೈಕಟ್ಟಿ ಕೂಡಲಾರೆವು. ಇವತ್ತಿನಿಂದ ಒಂದು ನೋಟುಬುಕ್ಕು ಇಡೋಣ. ಸೇಡಮ್ಮಿಗೊಂದು, ಚಿತ್ತಾಪುರಕ್ಕೊಂದು, ವಾಡಿಗೊಂದು, ಶಹಾಬಾದಿಗೊಂದು, ಚಿಂಚೋಳಿಗೊಂದು. ನಾಲ್ಕು ಮನೆ ಗೆರೆ ಎಳೆಯಿರಿ. ಯಾವ ದಿನ, ಯಾವ ಕೆಲಸ, ಎಷ್ಟು ತಾಸು, ಗಾಯ ಎಷ್ಟು ದಿನಕ್ಕೆ ಮಾಯಿತು. ಓದು ಬಂದ ನಮ್ಮ ಹುಡುಗ ಹುಡುಗಿಯರು ವಾರಕ್ಕೊಮ್ಮೆ ಕೇರಿಗೆ, ತಾಂಡಾಕ್ಕೆ ಹೋಗಿ ಕೇಳಿ ಬರೆಯಬೇಕು. ಹೆಸರು ಹೊರಗೆ ಬಿಡಬಾರದು, ಕೂಲಿ ಹೋಗುತ್ತದೆ. ಮುಂದಿನ ಸಭೆಗೆ ಐದೂ ಬುಕ್ಕು ತನ್ನಿ. ಕೂಡಿಸಿ ಜಿಲ್ಲಾಧಿಕಾರಿಯ ಮೇಜಿನ ಮೇಲೆ ಇಡೋಣ.

ಅಕ್ಕ ಕರಪತ್ರ ತಗೊಳ್ಳದೆ ಹೋದಳು. ಮೊದಲ ಬುಕ್ಕಿನ ಮೊದಲ ಸಾಲು ಅವಳದು.

ಜೈ ಭೀಮ್.