ಕನ್ನಡ ಓದಿ ಏನಾದೆ?

ಕನ್ನಡ ಎಂ.ಎ. ತರಗತಿಯ ನನ್ನ ಎರಡು ವರ್ಷಗಳು ಈ ತಿಂಗಳು ಮುಗಿಯುತ್ತವೆ. ಬಂಧುಗಳೂ ಹಿತೈಷಿಗಳೂ ಕೇಳುವ ಪ್ರಶ್ನೆ ಒಂದೇ: “ಕನ್ನಡ ಓದಿ ಏನಾಗುತ್ತೀಯಪ್ಪ?” ಈ ಪ್ರಶ್ನೆಯಲ್ಲಿ ತಿರಸ್ಕಾರಕ್ಕಿಂತ ಕಳಕಳಿಯೇ ಹೆಚ್ಚು. ಕಷ್ಟಪಟ್ಟು ಓದಿಸಿದ ತಂದೆತಾಯಿಗಳಿಗಂತೂ ಅದನ್ನು ಕೇಳುವ ಹಕ್ಕೇ ಉಂಟು. ಆದಕಾರಣ ಅದನ್ನು ನಕ್ಕು ತಳ್ಳಿಹಾಕದೆ ಉತ್ತರ ಹೇಳುವುದು ನನ್ನಂಥವರ ಕರ್ತವ್ಯವೆಂದು ಭಾವಿಸಿದ್ದೇನೆ.

ಮನೆಯ ಮಾತನ್ನು ಕಾಲೇಜಿನಲ್ಲಿ ಕಲಿಯುವುದೇನಿದೆ ಎಂಬುದು ಮೊದಲನೆಯ ಆಕ್ಷೇಪಣೆ. ವಾಚಕರು ಒಂದು ಉದಾಹರಣೆಯನ್ನು ಗಮನಿಸಬೇಕು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ. ‘ಬಾೞ್’ ಎಂದರೆ ಬದುಕು. ‘ಅರಿ’ ಎಂದರೆ ಕತ್ತರಿಸು. ‘ಅಱಿ’ ಎಂದರೆ ತಿಳಿ. ಕಾಲಕ್ರಮದಲ್ಲಿ ೞಕಾರ, ಱಕಾರಗಳು ಬಳಕೆಯಿಂದ ಬಿದ್ದುಹೋದವು. ಓಲೆಯನ್ನು ನಕಲು ಮಾಡಿದ ಲಿಪಿಕಾರನು ಒಂದಕ್ಕೆ ಇನ್ನೊಂದನ್ನು ಬರೆದನೆಂದರೆ ಬದುಕು ಹೋಗಿ ಕತ್ತಿ ಬಂದೀತು. ಆಗ ಪ್ರತಿಗಳನ್ನು ಹೋಲಿಸಬೇಕು, ಪ್ರಾಸವನ್ನು ನೋಡಬೇಕು, ಸಂದರ್ಭವನ್ನು ತೂಗಬೇಕು. ಅಲ್ಲಿಯವರೆಗೆ ತೀರ್ಮಾನವನ್ನು ತಡೆಹಿಡಿಯಬೇಕು. ಮೊಬೈಲಿನಲ್ಲಿ ಕ್ಷಣಕ್ಕೊಂದು ಸುದ್ದಿ ಬಂದು ಬೀಳುವ ಈ ದಿನಗಳಲ್ಲಿ “ಈ ಪಾಠ ಎಲ್ಲಿಯದು? ಬೇರೆ ಪ್ರತಿ ಏನು ಹೇಳುತ್ತದೆ?” ಎಂದು ಕೇಳುವ ಮನಸ್ಸು ನನ್ನಲ್ಲಿ ಬೆಳೆದದ್ದು ಈ ಓದಿನಿಂದ.

ಇನ್ನೊಂದು ಲಾಭವೂ ಆಯಿತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡನ್ನು ವರ್ಣಿಸುತ್ತ, ಶಾಸ್ತ್ರೋಕ್ತವಾಗಿ ಓದದ ಜನರಲ್ಲಿಯೂ ಕಾವ್ಯದ ಜಾಣ್ಮೆಯುಂಟೆಂದು ಮೆಚ್ಚುತ್ತದೆ. ಅದನ್ನು ತಿಳಿದ ಮೇಲೆ, ಅಕ್ಷರ ಕಲಿಯದ ನನ್ನ ಅಜ್ಜಿ ಹೇಳುವ ಬೀಸುವ ಪದಗಳನ್ನು ನಾನು ಬೇರೆಯೇ ಕಿವಿಯಿಂದ ಕೇಳತೊಡಗಿದೆ. ಓದು ಹುಡುಗರನ್ನು ಊರಿನಿಂದ ದೂರ ಮಾಡುತ್ತದೆಂಬ ಮಾತುಂಟು. ನನ್ನನ್ನು ಅದು ಊರಿಗೆ ಹತ್ತಿರ ತಂದಿತು.

ಆದರೂ ಅನ್ನದ ಪ್ರಶ್ನೆ ಅನ್ನದ ಪ್ರಶ್ನೆಯೇ. ಓದಿದವರಿಗೆಲ್ಲ ಅಧ್ಯಾಪಕ ಹುದ್ದೆ ದೊರೆಯದು. ಇಲ್ಲಿ ಸಮಾಜದ ಹೊಣೆಯೂ ಇದೆ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಾಗ ನಾಡೇ ಹೆಮ್ಮೆಪಟ್ಟಿತು. ಆ ಹೆಮ್ಮೆಗೆ ಆಧಾರ ಹಲ್ಮಿಡಿ ಶಾಸನದಂಥ ಪ್ರಾಚೀನ ಬರಹಗಳಲ್ಲವೆ? ಓದಬಲ್ಲವರು ತಲೆಮಾರಿಗೆ ಕೆಲವರಾದರೂ ಇಲ್ಲದೆಹೋದರೆ ಶಾಸನವು ಗೀರುಬಿದ್ದ ಬರಿಯ ಕಲ್ಲು. ಪ್ರಾಚೀನತೆಯ ಕೀರ್ತಿ ಬೇಕು, ಅದನ್ನು ಓದುವ ಹುಡುಗ ಮಾತ್ರ ನಮ್ಮ ಮನೆಯವನಾಗಬಾರದು ಎಂಬುದು ನ್ಯಾಯವಲ್ಲ.

ವಿಶ್ವವಿದ್ಯಾನಿಲಯಗಳಲ್ಲಿಯೂ ನನ್ನದೊಂದು ಬಿನ್ನಹವಿದೆ. ಟಿಪ್ಪಣಿಗಳನ್ನು ಉರುಹೊಡೆದು ಒಪ್ಪಿಸಿದ ಮಾತ್ರಕ್ಕೆ ಪದವಿ ದೊರೆಯುವಂತಿರಬಾರದು. ಪ್ರತಿಯೊಬ್ಬ ಕನ್ನಡ ವಿದ್ಯಾರ್ಥಿಯೂ ತನ್ನ ಸೀಮೆಯ ಒಂದು ಶಾಸನವನ್ನೋ ಹಸ್ತಪ್ರತಿಯ ನಾಲ್ಕು ಗರಿಗಳನ್ನೋ ಸ್ವತಃ ಓದಿ, ಊರಿನವರಿಗೆ ತಿಳಿಯುವ ಹೊಸಗನ್ನಡದಲ್ಲಿ ಬರೆದುಕೊಡಲಿ. ಗುಡಿಯ ಮುಂದಿನ ಕಲ್ಲಿನಲ್ಲಿ ಏನಿದೆಯೆಂದು ತಿಳಿದ ಊರು ಅದಕ್ಕೆ ಸುಣ್ಣ ಬಳಿಯಲಾರದು. ಕನ್ನಡ ಓದಿ ಏನು ಫಲವೆಂದು ಕೇಳಲೂ ಆರದು.

ನಾಳೆ ನಾನು ಬ್ಯಾಂಕಿನ ಗುಮಾಸ್ತನಾಗಬಹುದು, ಹಳ್ಳಿಯ ಶಾಲೆಯ ಉಪಾಧ್ಯಾಯನಾಗಬಹುದು. ಯಾವ ಕುರ್ಚಿಯಲ್ಲಿ ಕುಳಿತರೂ ಒಂದಕ್ಷರದ ಬೆಲೆಯನ್ನು ಬಲ್ಲವನಾಗಿ ಕುಳಿತಿರುತ್ತೇನೆ. ಕೇಳಿದವರಿಗೆ ಸದ್ಯಕ್ಕೆ ಇದೇ ನನ್ನ ಉತ್ತರ.