ಮುಚ್ಚಳಿಕೆ ಸಾಕು, ರಕ್ಷಣಾ ಆದೇಶ ಬೇಕು!

ಅಕ್ಕ ತಂಗಿಯರೇ, ತಾಯಂದಿರೇ,

ಪೆಟ್ಟು ತಿಂದು ಠಾಣೆಗೆ ಹೋದರೆ ಸಾಮಾನ್ಯವಾಗಿ ಆಗುವುದಿಷ್ಟು: ಗಂಡನನ್ನು ಕರೆಸಿ ಬೈಯುತ್ತಾರೆ, ‘ಇನ್ನು ಮುಂದೆ ಹೊಡೆಯುವುದಿಲ್ಲ, ಚೆನ್ನಾಗಿ ನೋಡಿಕೊಳ್ಳುತ್ತೇನೆ’ ಎಂದು ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಒಟ್ಟಿಗೇ ಮನೆಗೆ ಕಳಿಸುತ್ತಾರೆ. ಮತ್ತೆ ಹೊಡೆದರೆ ಮತ್ತೊಂದು ಮುಚ್ಚಳಿಕೆ. ಹಿರಿಯರ ರಾಜಿ ಪಂಚಾಯಿತಿಯೂ ಹೀಗೆಯೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವವರು ಉಂಡ ಮೇಲೆ ಬೀಳುವ ಏಟನ್ನು ಕಂಡವರಲ್ಲ.

ನ್ಯಾಯಾಲಯದ ರಕ್ಷಣಾ ಆದೇಶಕ್ಕೆ ಬಲವಿದೆ. ಅದನ್ನು ಮೀರುವುದೇ ಅಪರಾಧ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರ 31ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾರಂಟ್ ಇಲ್ಲದೆ ಬಂಧಿಸಬಹುದು, ಪ್ರಕರಣ ಜಾಮೀನುರಹಿತ.

ಆದೇಶದಲ್ಲಿ ಏನೇನು ಕೇಳಬಹುದು? ಹೊಡೆಯಬಾರದು, ಬೈದು ಹಿಂಸಿಸಬಾರದು ಎಂಬುದಷ್ಟೇ ಅಲ್ಲ. ನೀವು ದುಡಿಯುವ ಗಾರ್ಮೆಂಟ್ಸ್ ಗೇಟಿನ ಬಳಿ, ಮಗುವಿನ ಶಾಲೆಯ ಬಳಿ ಅವನು ಸುಳಿಯಬಾರದು. ಫೋನು, ಮೆಸೇಜು ಮಾಡಬಾರದು. ನಿಮ್ಮ ಒಡವೆ ಮಾರಬಾರದು, ಜಂಟಿ ಖಾತೆಯ ಹಣ ತೆಗೆಯಬಾರದು. ನಿಮಗೆ ಆಸರೆಯಾದ ತವರಿನವರ ಮೇಲೆ ಕೈ ಮಾಡಬಾರದು. ಇವನ್ನೆಲ್ಲ ಅರ್ಜಿಯಲ್ಲಿ ಬಿಡಿಬಿಡಿಯಾಗಿ ಬರೆಸಿ. ಮನೆ ಅತ್ತೆ ಮಾವನ ಹೆಸರಿನಲ್ಲಿದೆ, ಹೊರಗೆ ನಡಿ ಎಂದರೆ ಹೆದರಬೇಡಿ: ಸಂಸಾರ ನಡೆಸಿದ ಆ ಮನೆಯಲ್ಲಿ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇದಕ್ಕಾಗಿ ವಿಚ್ಛೇದನ ಕೇಳಬೇಕಿಲ್ಲ, ಮೊದಲು ಎಫ್‌ಐಆರ್ ಆಗಬೇಕೆಂದೂ ಇಲ್ಲ. ಮಗನಿಂದ ನರಳುವ ತಾಯಿ, ಅಣ್ಣನಿಂದ ನರಳುವ ತಂಗಿ, ಮದುವೆಯಾಗದೆ ಜೊತೆಗೆ ಬಾಳಿದವಳು, ಎಲ್ಲರಿಗೂ ಈ ಕಾಯ್ದೆ ಇದೆ.

ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಸಂರಕ್ಷಣಾಧಿಕಾರಿ. ಕಚೇರಿ ಎಲ್ಲಿದೆ ಎಂದು ಅಂಗನವಾಡಿಯಲ್ಲಿ ಕೇಳಿ. ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಕಳಿಸುವುದು ಅವರ ಕರ್ತವ್ಯ. ತವರಿಗೆ ಬಂದಿದ್ದರೆ ತವರೂರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ವಕೀಲರಿಗೆ ದುಡ್ಡಿಲ್ಲವೇ? ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಆಸ್ಪತ್ರೆಯ ಚೀಟಿ, ಗಾಯದ ಫೋಟೋ, ಬೆದರಿಕೆಯ ಮೆಸೇಜು, ಹಳೆಯ ಮುಚ್ಚಳಿಕೆಯ ಪ್ರತಿ ಜೋಪಾನವಾಗಿಡಿ.

ಮುಖ್ಯವಾದ ಮಾತು: ಮಧ್ಯಂತರ ಆದೇಶ ಕೇಳುವುದನ್ನು ಮರೆಯಬೇಡಿ. ಅರ್ಜಿ ಇತ್ಯರ್ಥಕ್ಕೆ ಕಾಯ್ದೆ ಹೇಳುವ ಗುರಿ 60 ದಿನ. ಆದರೆ ವಾಯಿದೆಗಳು ಎಳೆಯುತ್ತವೆ, ಅದು ಎಲ್ಲರಿಗೂ ಗೊತ್ತು. 23ನೇ ಕಲಮಿನಡಿ ನಿಮ್ಮ ಪ್ರಮಾಣಪತ್ರದ ಆಧಾರದ ಮೇಲೆಯೇ, ಅವನು ಹಾಜರಾಗುವ ಮೊದಲೇ, ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಆದೇಶದ ಪ್ರತಿ ನಿಮಗೂ ಠಾಣೆಗೂ ಉಚಿತವಾಗಿ ಸಿಗಬೇಕು.

ನೆರೆಹೊರೆಯವರೇ, ಗೋಡೆಯಾಚೆ ಚೀರಾಟ ಕೇಳಿದರೆ ನೀವೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ.

ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಕಾನೂನು ನೆರವಿಗೆ 15100. ಇವತ್ತೇ ಕರೆ ಮಾಡಿ. ಓದಿದ ಮೇಲೆ ಈ ಹಾಳೆಯನ್ನು ಇನ್ನೊಬ್ಬ ಹೆಣ್ಣುಮಗಳ ಕೈಗೆ ಕೊಡಿ.