ಹೊಲಿಗೆ ಕಾಣದ ಹೊಗಳಿಕೆ

ಕಳೆದ ತಿಂಗಳು ಸಿಂಧನೂರಿನಿಂದ ನನಗೊಂದು ಲಕೋಟೆ ಬಂದಿತು. ಕಳುಹಿಸಿದಾಕೆ ಮಸ್ಕಿಯ ಸಮೀಪದ ಶಾಲೆಯಲ್ಲಿ ನನ್ನ ಬಳಿ ಎಂಟನೆಯ ತರಗತಿ ಓದಿದವಳು. ಈಗ ಸಿಂಧನೂರಿನಲ್ಲಿ ಸಣ್ಣದೊಂದು ಹೊಲಿಗೆಯಂಗಡಿ ನಡೆಸುತ್ತಾಳೆ. ಲಕೋಟೆಯೊಳಗೆ ಒಂದು ಮಾಸಪತ್ರಿಕೆ, ಅದರ ಎರಡು ಪುಟಗಳ ತುಂಬ ಆಕೆಯ ಮಗಳ ವ್ಯಕ್ತಿಚಿತ್ರ. ಹುಡುಗಿ ಬೆಂಗಳೂರಿನಲ್ಲಿ ವಸ್ತ್ರವಿನ್ಯಾಸ ಕಲಿತು, ಅಲ್ಲಿಯೇ ಮಳಿಗೆ ತೆರೆದು, ಇಳಕಲ್ ಸೀರೆಗಳಿಂದ ಮೇಲಂಗಿಗಳನ್ನು ಮಾಡಿ ಮಾರುತ್ತಾಳೆ. ಶಿಷ್ಯೆಯ ಮಗಳೆಂದರೆ ನನಗೆ ಮೊಮ್ಮಗಳೇ ಸರಿ. ಕನ್ನಡಕ ಒರೆಸಿಕೊಂಡು ಬಹಳ ಉತ್ಸಾಹದಿಂದ ಓದಲು ಕುಳಿತೆ. ಮುಗಿಸುವ ಹೊತ್ತಿಗೆ ಉತ್ಸಾಹ ಉಳಿದಿರಲಿಲ್ಲ. ಸಂಜೆ ಆಕೆಯೇ ದೂರವಾಣಿ ಮಾಡಿದಳು.

"ಸರ್, ಫೋಟೋ ಭಾಳ ಚಂದ ಬಂದಾವ್ರಿ. ಆದ್ರ ಅಕಿ ಏನ್ ಕೆಲಸ ಮಾಡ್ತಾಳ ಅನ್ನೋದು ಒಂದ ಅದರಾಗ ಇಲ್ರಿ."

ಇಷ್ಟು ಖಚಿತವಾದ ವಿಮರ್ಶೆಯನ್ನು ನಾನು ಇತ್ತೀಚೆಗೆ ಓದಿಲ್ಲ. ಪತ್ರಿಕೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದೊಂದರದೇ ದೋಷವಾಗಿದ್ದರೆ ಇದನ್ನು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ. ವಸ್ತ್ರವಿನ್ಯಾಸಕರ ಬಗ್ಗೆ ನಮ್ಮ ನಿಯತಕಾಲಿಕಗಳಲ್ಲಿ ಬರುವ ಬರಹಗಳು ಬಹುತೇಕ ಇದೇ ಅಚ್ಚಿನವು.

ಜೀವಮಾನವೆಲ್ಲ ಉತ್ತರಪತ್ರಿಕೆ ತಿದ್ದಿದವನು ನಾನು. ಕೈ ತಡೆಯದೆ ಕೆಂಪು ಪೆನ್ನು ಹಿಡಿದು ವಿಶೇಷಣಗಳನ್ನು ಗುರುತಿಸುತ್ತ ಹೋದೆ: 'ಅಪ್ರತಿಮ', 'ಬಹುಮುಖ', 'ಕನಸುಗಳಿಗೆ ಬಣ್ಣ ತುಂಬುವ'. ಒಟ್ಟು ಇಪ್ಪತ್ತೊಂದಾದವು. ಬಟ್ಟೆಗೆ ಸಂಬಂಧಿಸಿದ ನಾಮಪದಗಳನ್ನು ಹುಡುಕಿದೆ. ಎರಡು ಸಿಕ್ಕವು, 'ಸೀರೆ' ಮತ್ತು 'ರ‍್ಯಾಂಪ್'. ರ‍್ಯಾಂಪ್ ಬಟ್ಟೆಯಲ್ಲವಾದುದರಿಂದ ಒಂದೇ ಎನ್ನಬೇಕು. ಉಳಿದದ್ದು ಆಕೆಯ ಉಡುಪು ತೊಟ್ಟ ನಟಿಯರ ಪಟ್ಟಿ. ಹುಡುಗಿಯ ಹೆಸರನ್ನು ತೆಗೆದು ಅಲ್ಲಿ ಒಬ್ಬ ಸಂಗೀತಗಾರನ ಹೆಸರನ್ನೋ ಹೋಟೆಲು ಮಾಲೀಕನ ಹೆಸರನ್ನೋ ಇಟ್ಟರೆ ನಾಲ್ಕು ವಾಕ್ಯ ಬದಲಿಸಿದರೆ ಸಾಕು, ಲೇಖನ ಹಾಗೆಯೇ ನಿಲ್ಲುತ್ತದೆ. ಯಾರಿಗೆ ಬೇಕಾದರೂ ಹೊಂದುವ ಅಂಗಿ ಯಾರಿಗೂ ಸರಿಯಾಗಿ ಹೊಂದದು ಎಂಬುದನ್ನು ಯಾವ ದರ್ಜಿಯೂ ಬಲ್ಲ.

ಇಷ್ಟಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಮೊದಲ ಪ್ಯಾರಾದಲ್ಲಿಯೇ ಒಂದು ಮಾತಿದೆ: ಈಕೆ 'ಫ್ಯಾಷನ್ ಎಂದರೇನೆಂದೇ ಅರಿಯದ ಬರಡು ನಾಡಿನಲ್ಲಿ ಅರಳಿದ ಹೂವು' ಅಂತೆ! ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರನ್ನು ಬರಡು ಎಂದದ್ದನ್ನು ಕ್ಷಮಿಸಿಬಿಡೋಣ. ಬರೆದವರು ಇತ್ತ ಬಂದಿರಲಿಕ್ಕಿಲ್ಲ. ಫ್ಯಾಷನ್ ಅರಿಯದ ನಾಡೇ ಇದು? ಲಿಂಗಸುಗೂರಿನಿಂದ ಮುದಗಲ್ಲಿನ ಮೇಲೆ ಹಾದು ಹೋದರೆ ಇಳಕಲ್ಲು. ಆ ಸೀರೆಯ ಅಂಚಿಗೆ ಚಿಕ್ಕಿ, ಗೋಮಿ, ಪರಾಸ, ಗಾಡಿ ಎಂದು ಬೇರೆಬೇರೆ ಹೆಸರು. ಸೆರಗಿನ ಕೆಂಪಿನಲ್ಲಿ ಬಿಳಿಯ ಜೋಳದ ತೆನೆ, ಹಣಿಗೆಯ ಹಲ್ಲು, ಕೋಟೆಯ ಗೋಡೆಯ ಮೇಲಿನ ತೆನೆಸಾಲು. ನಮ್ಮ ಹೊಲ, ನಮ್ಮ ಕೋಟೆ, ನಮ್ಮ ಮನೆಯ ಹಣಿಗೆ, ಇವನ್ನು ನೋಡಿ ಎಳೆಯಲ್ಲಿ ಇಳಿಸಿದವರು ವಿನ್ಯಾಸಕರಲ್ಲದೆ ಮತ್ತಾರು? ಅಂಗಡಿಯಲ್ಲಿ ಸೀರೆ ಬಿಚ್ಚಿಸಿ, ಅಂಚು ಹಿಡಿದು ನೋಡಿ, "ಇದು ಬ್ಯಾಡ" ಎಂದು ಎದ್ದು ಹೋಗುತ್ತಿದ್ದ ನನ್ನ ತಾಯಿಗೆ ಫ್ಯಾಷನ್ ತಿಳಿದಿರಲಿಲ್ಲವೆಂದು ನಾನು ಒಪ್ಪಲಾರೆ. ಇಂದು ನಾಟಿಗೆ ಹೋಗುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುದೋಳಿನ ಅಂಗಿ ತೊಡುತ್ತಾರೆ. ಕೆಸರಿಗೂ ಬಿಸಿಲಿಗೂ ತಾವೇ ಕಂಡುಕೊಂಡ ಉಡುಪು ಅದು. ಅದರ ಬಗ್ಗೆ ಯಾವ ಪತ್ರಿಕೆಯೂ ಎರಡು ಪುಟ ಬಿಟ್ಟುಕೊಡಲಿಲ್ಲ.

ನನ್ನ ತಂಗಿಯ ಮಗ ಪತ್ರಿಕೆಯಲ್ಲಿ ದುಡಿಯುವವನು. ಅವನೊಡನೆ ವಾದಕ್ಕಿಳಿದೆ. "ಮಾವ, ಓದುಗರಿಗೆ ನೂಲಿನ ಕಥೆ ಬೇಡ, ಥಳಕು ಬೇಕು. ಅಲ್ಲದೆ ಬೆಳಿಗ್ಗೆ ಫೋನಿನಲ್ಲಿ ಮಾತಾಡಿ ಸಂಜೆಗೆ ಬರೆದು ಕೊಡಬೇಕು" ಎಂದ. ಅವನ ಎರಡನೆಯ ಮಾತು ನಿಜವಾದ ಕಷ್ಟ; ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮೊದಲನೆಯದು ಶುದ್ಧ ತಪ್ಪು.

ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. 'ನಮ್ಮ ಓಣಿಯ ದರ್ಜಿ' ಎಂದು ಪ್ರಬಂಧ ಬರೆಯಿಸಿ, ತರಗತಿಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದೆ. 'ಅವರು ಬಹಳ ಒಳ್ಳೆಯವರು, ಎಲ್ಲರಿಗೂ ಬೇಕಾದವರು' ಎಂದು ಓದಿದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಗುತ್ತಿತ್ತು. ಈಗ ಲಕೋಟೆ ಕಳುಹಿಸಿದ ಈಕೆ ಅಂದು ಎದ್ದು ಓದಿದ್ದು ಬೇರೆಯೇ ಬಗೆಯದು. ದರ್ಜಿ ಮಂದಿಯ ಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಗೋಣಿಚೀಲದಲ್ಲಿ ತುಂಬಿಡುತ್ತಾನೆ; ಯಾರ ಮನೆಯಲ್ಲಾದರೂ ಕೂಸು ಹುಟ್ಟಿದರೆ ಅದರಿಂದ ಕುಂಚಿಗೆ ಹೊಲಿದು ಕೊಡುತ್ತಾನೆ; ಆದುದರಿಂದ ಕುಂಚಿಗೆಯನ್ನು ನೋಡಿದರೆ ಓಣಿಯಲ್ಲಿ ಯಾರ್‍ಯಾರು ಆ ವರ್ಷ ಹೊಸ ಅಂಗಿ ಹೊಲಿಸಿದರೆಂದು ತಿಳಿಯುತ್ತದೆ ಎಂದು ಬರೆದಿದ್ದಳು. ಇಡೀ ತರಗತಿ ಉಸಿರು ಹಿಡಿದು ಕೇಳಿತು. ದರ್ಜಿ ಒಳ್ಳೆಯವನೆಂದು ಆಕೆ ಒಂದು ಸಲವೂ ಹೇಳಲಿಲ್ಲ. ಬಟ್ಟೆ ಉಳಿಸಿಕೊಳ್ಳುತ್ತಿದ್ದನೆಂಬ ಗುಟ್ಟನ್ನೂ ಬಿಟ್ಟುಕೊಟ್ಟಿದ್ದಳು! ಹನ್ನೆರಡು ಹದಿಮೂರರ ಮಕ್ಕಳಿಗೆ ನೂಲಿನ ಕಥೆ ಹಿಡಿಸಿತೆಂದ ಮೇಲೆ ದೊಡ್ಡವರಿಗೆ ಬೇಡವೆನ್ನುವುದು ಹೇಗೆ?

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ಕೃಷ್ಣೆಯ ಆಚೆ ಸುರಪುರ ತಾಲ್ಲೂಕಿನ ಮುದನೂರು ದೇವರ ದಾಸಿಮಯ್ಯನ ಊರು. ನೇಕಾರನಾಗಿದ್ದ ಅವನ ಕಥೆಯಲ್ಲಿ ನಮ್ಮ ಹಿರಿಯರು ಮೊದಲು ಹೇಳುತ್ತಿದ್ದುದು ಬಟ್ಟೆಯನ್ನು. ಬಹುಕಾಲ ನೇಯ್ದ ವಸ್ತ್ರವನ್ನು ಸಂತೆಗೆ ಒಯ್ದ, ಕೊಳ್ಳುವವರು ಸಿಗಲಿಲ್ಲ, ಮರಳುವಾಗ ಮುದಿ ಜಂಗಮನೊಬ್ಬ ಬೇಡಿ ಪಡೆದು ಕಣ್ಣೆದುರಿಗೇ ಹರಿದುಹಾಕಿದ. ಅವನ ಭಕ್ತಿ ಎಷ್ಟೆಂಬುದು ಕೇಳುವವನಿಗೆ ತಿಳಿಯುವುದು ಹರಿದ ಬಟ್ಟೆಯಿಂದ. 'ಮಹಾಭಕ್ತ' ಎಂದಷ್ಟೇ ಹೇಳಿದ್ದರೆ ಕಥೆ ಇಷ್ಟು ಶತಮಾನ ಬಾಳುತ್ತಿರಲಿಲ್ಲ.

ಈ ಕಾಲದ ವಿನ್ಯಾಸಕರನ್ನೇ ತೆಗೆದುಕೊಳ್ಳಿ. 1929ರಲ್ಲಿ ನೆರೆಯ ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ ಚಿತ್ರಕಲಾವಿದೆಯಾಗಿದ್ದರು. ಮಹಿಳೆಯರ ಪತ್ರಿಕೆಯೊಂದಕ್ಕೆ ಉಡುಪುಗಳ ಚಿತ್ರ ಬರೆಯುತ್ತ ಉಡುಪಿನ ಲೋಕಕ್ಕೆ ಬಂದರು. 'ಗಾಂಧಿ' ಚಲನಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಜಾನ್ ಮೊಲ್ಲೊ ಅವರೊಡನೆ ಆಸ್ಕರ್ ಪಡೆದರು. ಈ ಪ್ರಶಸ್ತಿಯ ಸಂಗತಿ ಎಲ್ಲ ಬರಹಗಳಲ್ಲಿಯೂ ಇರುತ್ತದೆ. ನನಗೆ ರುಚಿಸುವ ಪ್ರಶ್ನೆ ಬೇರೆ. ಸೂಟು ತೊಟ್ಟು ದಕ್ಷಿಣ ಆಫ್ರಿಕೆಯ ರೈಲು ಹತ್ತಿದ ತರುಣ ವಕೀಲ, 1921ರಲ್ಲಿ ಮದುರೆಯಲ್ಲಿ ತುಂಡುಪಂಚೆಗೆ ಇಳಿದವನು. ಆ ಬದುಕನ್ನು ಹಂತಹಂತವಾಗಿ ಬಟ್ಟೆಯಲ್ಲಿ ತೋರಿಸುವುದು ಹೇಗೆ? ಉಡುಪು ಕಡಿಮೆಯಾಗುತ್ತ ಹೋಗುವ ಮನುಷ್ಯನಿಗೆ ಉಡುಪು ವಿನ್ಯಾಸ ಮಾಡುವುದೆಂದರೇನು? ಅದೇ ಭಾನು 2012ರಲ್ಲಿ, ತಮ್ಮ ನಂತರ ಆ ಪ್ರತಿಮೆ ಸುರಕ್ಷಿತವಾಗಿರಲೆಂದು ಅದನ್ನು ಕೊಟ್ಟವರಿಗೇ ಮರಳಿಸಿದರು. 2020ರಲ್ಲಿ ತೀರಿಕೊಂಡರು. ಪ್ರಶಸ್ತಿ ಬಂದುದಕ್ಕಿಂತ ಅದನ್ನು ಹಿಂದಿರುಗಿಸಿದ್ದೇ ನನಗೆ ಅವರನ್ನು ಹೆಚ್ಚು ಪರಿಚಯಿಸುತ್ತದೆ.

ಪ್ಯಾರಿಸಿನ ಕೊಕೊ ಶನೆಲ್ ಕೂಡ ಹೀಗೆಯೇ. ತಾಯಿ ಸತ್ತ ಮೇಲೆ ಸನ್ಯಾಸಿನಿಯರ ಅನಾಥಾಲಯದಲ್ಲಿ ಬೆಳೆದು, ಅಲ್ಲಿ ಹೊಲಿಗೆ ಕಲಿತಾಕೆ. ದೊಡ್ಡವಳಾದ ಮೇಲೆ ಆ ಬಾಲ್ಯವನ್ನು ಮುಚ್ಚಿಟ್ಟು ಬೇರೆಬೇರೆ ಕಥೆ ಹೇಳಿದಳು. ಅವಳು ಹೇಳಿದ್ದನ್ನಷ್ಟೇ ಬರೆದುಕೊಂಡು ಬಂದವರಿಗೆ ಅರ್ಧ ಶನೆಲ್ ಮಾತ್ರ ದಕ್ಕಿದಳು.

ಇನ್ನು ನಮ್ಮ ಹುಡುಗಿಯ ವಿಷಯದಲ್ಲಿ ಆ ಪತ್ರಿಕೆ ಕಳೆದುಕೊಂಡದ್ದೇನು ಎಂಬುದನ್ನು ಹೇಳುತ್ತೇನೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಹೀಗಾಗಿ ಒಂದು ಸಲಕ್ಕೆ ಒಂದೇ ಸೀರೆಯ ಹಾಸು. ಮೇಲಂಗಿಯ ಬೆನ್ನಿಗೆ ಮೈಯ ಬಣ್ಣ, ಎದೆಗೆ ಸೆರಗಿನ ಕೆಂಪು ಬರಲೆಂದು ಹುಡುಗಿ ಆ ಕೊಂಡಿಯ ಸಾಲಿಗೆ ತಾಗಿಸಿ ಕತ್ತರಿಸಿದಳಂತೆ. ಎಳೆಗಳು ಬಿಚ್ಚಿಕೊಂಡವು. ಮೂರು ಸೀರೆ ಹಾಳಾದವು, ಮೂರೂ ಸಾಲದ ದುಡ್ಡಿನವು. ಹಬ್ಬಕ್ಕೆ ಊರಿಗೆ ಬಂದವಳು ಹರಿದ ತುಂಡನ್ನು ತಾಯಿಯ ಮುಂದೆ ಹಾಕಿ ಅತ್ತಳು. ತಾಯಿ ಇಡೀ ಮಧ್ಯಾಹ್ನ ಗಿರಾಕಿಗಳ ಕೆಲಸ ಬದಿಗಿಟ್ಟು, ಕೊಂಡಿಯ ಸಾಲಿನ ಎರಡೂ ಕಡೆ ನಾಲ್ಕು ಬೆರಳು ಬಿಟ್ಟು, ಹಿಂದೆ ಅಸ್ತರು ಕೊಟ್ಟು ಮೊದಲು ಹೊಲಿದು, ಆಮೇಲೆ ಕತ್ತರಿ ಆಡಿಸಿ ತೋರಿಸಿದಳು. ಈಗ ಹುಡುಗಿಯ ಮೇಲಂಗಿಗಳಲ್ಲಿ ಎಲ್ಲರೂ ಮೆಚ್ಚುವ ಆ ಅಡ್ಡಪಟ್ಟಿ ಇರುವುದೇ ಈ ನಾಲ್ಕು ಬೆರಳಿನ ಜಾಗದಲ್ಲಿ. ಸೋಲು, ಸಾಲ, ತಾಯಿ, ಮಗಳು, ಮಗ್ಗ ಎಲ್ಲವೂ ಇದರಲ್ಲಿದೆ. ಪತ್ರಿಕೆಯವರು 'ನಿಮ್ಮ ಸ್ಫೂರ್ತಿ ಯಾರು?' ಎಂದು ಕೇಳಿದರಂತೆ. 'ಈ ಪಟ್ಟಿ ಇಲ್ಲೇಕೆ ಬಂತು?' ಎಂದು ಕೇಳಿದ್ದರೆ ಸಾಕಿತ್ತು.

ಇದನ್ನು ಬರೆಯಲೇ ಎಂದು ತಾಯಿಯನ್ನು ಕೇಳಿದೆ. "ಬರೀರಿ ಸರ್. ನನ್ ಹೆಸರು ಬ್ಯಾಡ್ರಿ. ಆ ಸೀರಿ ನೇಯ್ದವ್ರ ಹೆಸರು ಇದ್ರ ಹಾಕ್ರಿ" ಎಂದಳು. ಅದು ಆಕೆಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಸೀರೆ ಬಂದದ್ದು ವ್ಯಾಪಾರಿಯ ಕೈಯಿಂದ. ಈ ತಪ್ಪು ಪತ್ರಿಕೆಯದಷ್ಟೇ ಅಲ್ಲ ಎಂದು ಅಂದು ನನಗೆ ಹೊಳೆಯಿತು. ಮಸ್ಕಿಯ ಮಕ್ಕಳಾದ ನಮಗೆ ಹೆಸರಿನ ಬೆಲೆ ತಿಳಿದಿರಬೇಕು. ಅದುವರೆಗೆ ಬೆಳಕಿಗೆ ಬಂದಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಇದ್ದ ರಾಜ ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ನಮ್ಮ ಊರಿನ ಬಂಡೆಯ ಮೇಲಿನ ಅಕ್ಷರಗಳಿಂದ. ಹುಡುಗಿಗೆ ಈ ಮಾತು ಹೇಳಿದೆ. ಮುಂದಿನ ಸೀರೆಗಳನ್ನು ಇಳಕಲ್ಲಿಗೆ ತಾನೇ ಹೋಗಿ ಮಗ್ಗದ ಮನೆಯಿಂದ ತರುವೆನೆಂದಿದ್ದಾಳೆ.

ಸಂಪಾದಕರಿಗೆ ಅಂಚೆಯಲ್ಲಿ ಒಂದು ಪತ್ರ ಹಾಕಿದ್ದೇನೆ. ಹೊಸ ಲೇಖನ ಬರೆಯಿರೆಂದು ಕೇಳಿಲ್ಲ. 'ಬರಡು ನಾಡು' ಎಂಬ ಮಾತನ್ನು ಹಿಂದೆಗೆದುಕೊಳ್ಳಿ, ಯಾರನ್ನಾದರೂ ಒಂದು ದಿನದ ಮಟ್ಟಿಗೆ ಸಿಂಧನೂರಿಗೆ ಕಳುಹಿಸಿಕೊಡಿ, ಊಟದ ಹೊಣೆ ನಮ್ಮದು ಎಂದಷ್ಟೇ ಬರೆದಿದ್ದೇನೆ. ಇದನ್ನು ಬರೆಯುತ್ತಿರುವವರೆಗೆ ಉತ್ತರ ಬಂದಿಲ್ಲ. ಬಂದರೆ ಇಲ್ಲಿಯೇ ತಿಳಿಸುತ್ತೇನೆ.